ರ‍್ಯಾಮ್ ಮೊದಲೋ, ಎಸ್‌ಎಸ್‌ಡಿ ಮೊದಲೋ: ಮನೆಯ ಗೇಮಿಂಗ್ ಕಂಪ್ಯೂಟರಿಗೆ ಹಣ ಹಾಕುವ ಮುನ್ನ

‘ಗೇಮ್ ನಿಧಾನವಾಗಿದೆ, ಏನು ಹಾಕಿಸಲಿ?’ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಅಂಗಡಿ ಹತ್ತಿ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಬ್ಬರು ರ‍್ಯಾಮ್ ಎನ್ನುತ್ತಾರೆ, ಇನ್ನೊಬ್ಬರು ಎಸ್‌ಎಸ್‌ಡಿ ಎನ್ನುತ್ತಾರೆ. ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಪ್ರೊಸೆಸರ್ ಮಾಹಿತಿ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ; ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಕಡತ ಉಳಿಸುವ ಡಿಸ್ಕ್. ಅವರನ್ನು ದೂರಿ ಫಲವಿಲ್ಲ. ಕೇಳಿದ ಪ್ರಶ್ನೆಯೇ ಅರೆಬರೆ. ಗೇಮ್ ತೆರೆಯಲು ಮೂರು ನಿಮಿಷ ಹಿಡಿಯುವುದೂ ನಿಧಾನವೇ, ಆಟದ ನಡುವೆ ಚಿತ್ರ ಗಕ್ಕನೆ ನಿಂತು ಮುಂದುವರಿಯುವುದೂ ನಿಧಾನವೇ, ಮೊದಲಿನಿಂದ ಕೊನೆಯವರೆಗೆ ಸೆಕೆಂಡಿಗೆ ಬರೀ 25 ಚಿತ್ರ, ಅಂದರೆ 25 ಫ್ರೇಮ್‌ಗಳಲ್ಲಿ ತೆವಳುವುದೂ ನಿಧಾನವೇ. ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಯಾವುದೆಂದು ಗೊತ್ತುಮಾಡಿಕೊಳ್ಳದೆ ಹಣ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಗೊತ್ತುಮಾಡಿಕೊಳ್ಳಲು ಬೇಕಾದ ಸಲಕರಣೆಯೆಲ್ಲ ವಿಂಡೋಸ್‌ನಲ್ಲೇ ಇದೆ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಯಂತ್ರವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 2019ರ ಸುಮಾರಿಗೆ ಜೋಡಿಸಿದ, ಈಗಲೂ ಎಷ್ಟೋ ಮನೆಗಳಲ್ಲಿ ಓಡುತ್ತಿರುವ ಮಾದರಿ: ಇಂಟೆಲ್ ಕೋರ್ ಐ5-9400ಎಫ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ಡಿಡಿಆರ್4 ಸ್ಟಿಕ್ (ರ‍್ಯಾಮ್ ಪಟ್ಟಿ; ಡಿಡಿಆರ್ ಮುಂದಿನ ಅಂಕಿ ಅದರ ತಲೆಮಾರು), 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ನಿಮ್ಮದು ಬೇರೆಯಾಗಿದ್ದರೂ ಪರೀಕ್ಷಿಸುವ ಕ್ರಮ ಇದೇ.

ಹೆಜ್ಜೆ 1: ಯಂತ್ರ ಎಲ್ಲಿ ಕಾಯುತ್ತದೆ ಎಂಬ ಲೆಕ್ಕ

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮ್ ತಯಾರಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್. ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರೊಸೆಸರ್ ಕೇಳಿದ ಮಾಹಿತಿ ರ‍್ಯಾಮ್‌ನಲ್ಲಿದ್ದರೆ ಸುಮಾರು 100 ನ್ಯಾನೊಸೆಕೆಂಡಿನೊಳಗೆ ಕೈಗೆ ಬರುತ್ತದೆ. ಎಸ್‌ಎಸ್‌ಡಿಯಲ್ಲಿದ್ದರೆ ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು ಹೆಚ್ಚು. ಹಾರ್ಡ್ ಡಿಸ್ಕಿನಲ್ಲಿದ್ದರೆ? ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 8–9 ಮಿಲಿಸೆಕೆಂಡ್. ಒಟ್ಟು ಹನ್ನೆರಡು, ಹದಿಮೂರು. ಒಂದೇ ಒಂದು ಬಾರಿ ಹಾರ್ಡ್ ಡಿಸ್ಕನ್ನು ಕೇಳಿ ಕಾದರೆ ಒಂದು ಫ್ರೇಮಿನ ಸಮಯವೆಲ್ಲ ಹೆಚ್ಚುಕಡಿಮೆ ಅಲ್ಲೇ ಮುಗಿಯಿತು. ಪೆಟ್ಟಿಗೆಯ ಮೇಲೆ ಬರೆದ ‘ಸೆಕೆಂಡಿಗೆ 150 ಎಂಬಿ’ ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದುವಾಗಿನ ಮಾತು. ಚೂರುಪಾರು ಕಡತಗಳನ್ನು ಅಲ್ಲಿ ಇಲ್ಲಿ ಹುಡುಕುವಾಗ ಅದೇ ಡಿಸ್ಕ್ ಸೆಕೆಂಡಿಗೆ 80 ಬಾರಿ ಓದಿದರೆ ಹೆಚ್ಚು. ಪ್ರತಿ ಬಾರಿಗೂ 4 ಕೆಬಿ ಎಂದರೆ 320 ಕೆಬಿ. ವಿಂಡೋಸ್ ಆರಂಭವಾಗುವಾಗ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತ ನಿಮಿಷಗಟ್ಟಲೆ ತಿನ್ನುವುದು ಇದರಿಂದಲೇ.

ಇಲ್ಲಿ ಒಂದು ಸೂಕ್ಷ್ಮವಿದೆ, ನಿರ್ಧಾರವೆಲ್ಲ ಅದರ ಮೇಲೆ ನಿಂತಿದೆ. ಗೇಮ್ ತನಗೆ ಮುಂದೆ ಬೇಕಾಗುವ ಗೋಡೆ, ಮರ, ರಸ್ತೆಗಳ ಚಿತ್ರಗಳನ್ನು ಡಿಸ್ಕಿನಿಂದ ಹಿನ್ನೆಲೆಯಲ್ಲಿ ತರಿಸಿಕೊಳ್ಳುತ್ತದೆ. ಡಿಸ್ಕ್ ನಿಧಾನವಿದ್ದರೆ ಸಾಮಾನ್ಯವಾಗಿ ಆಟ ನಿಲ್ಲುವುದಿಲ್ಲ. ಗೋಡೆ ಮಸುಕಾಗಿ ಕಂಡು, ಎರಡು ಸೆಕೆಂಡ್ ತಡವಾಗಿ ಸ್ಪಷ್ಟವಾಗುತ್ತದೆ. ರ‍್ಯಾಮ್ ಸಾಲದಿದ್ದಾಗ ಆಗುವುದು ಬೇರೆ. ವಿಂಡೋಸ್ ರ‍್ಯಾಮ್‌ನಲ್ಲಿದ್ದ ಒಂದಷ್ಟನ್ನು ಡಿಸ್ಕಿನ ಪೇಜ್ ಫೈಲ್‌ಗೆ ತಳ್ಳುತ್ತದೆ. ಮರುಕ್ಷಣ ಗೇಮ್‌ಗೆ ಅದೇ ಬೇಕಾದರೆ, ಅದು ವಾಪಸು ಬರುವವರೆಗೆ ಆ ಕೆಲಸ ನಿಂತೇ ಬಿಡುತ್ತದೆ. ಗಕ್ಕನೆ ನಿಲ್ಲುವುದು ಇದೇ. ಆ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದವನಿಗೆ ಡಿಸ್ಕ್ 100 ಪ್ರತಿಶತ ಕೆಂಪಗೆ ಕಾಣುತ್ತದೆ. ಡಿಸ್ಕೇ ಅಪರಾಧಿ ಎಂದು ತೀರ್ಮಾನಿಸಿ ಎಸ್‌ಎಸ್‌ಡಿ ತರುತ್ತಾನೆ. ತೊಂದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಏಕೆಂದರೆ ಕೊರತೆ ಇದ್ದದ್ದು ರ‍್ಯಾಮ್‌ನಲ್ಲಿ. ಆದ್ದರಿಂದ ಅಳೆಯುವಾಗ ಯಾವಾಗಲೂ ರ‍್ಯಾಮ್ ಮೊದಲು, ಡಿಸ್ಕ್ ಆಮೇಲೆ. ಕೊಳ್ಳುವ ಕ್ರಮ ಬೇರೆಯಾಗಬಹುದು, ಅಳೆಯುವ ಕ್ರಮ ಮಾತ್ರ ಇದೇ.

ಹೆಜ್ಜೆ 2: ಪೆಟ್ಟಿಗೆಯೊಳಗೆ ಏನಿದೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿ. ಒಟ್ಟು ಎಷ್ಟು ಜಿಬಿ, ಯಾವ ವೇಗ, ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದೆಲ್ಲ ಅಲ್ಲೇ ಇರುತ್ತದೆ. ಕೆಳಗಿನ ಡಿಸ್ಕ್ ಸಾಲುಗಳಲ್ಲಿ ಯಾವುದು ಹಾರ್ಡ್ ಡಿಸ್ಕ್, ಯಾವುದು ಎಸ್‌ಎಸ್‌ಡಿ ಎಂದೂ ಬರೆದಿರುತ್ತದೆ. ಮದರ್‌ಬೋರ್ಡಿನ ನಿಖರ ಹೆಸರು ಬೇಕೆಂದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೇನ್‌ಬೋರ್ಡ್ ಪುಟ ನೋಡಿ. ಹೆಸರು ಸಿಕ್ಕ ಮೇಲೆ ತಯಾರಕರ ಜಾಲತಾಣದಿಂದ ಅದರ ಕೈಪಿಡಿ ಇಳಿಸಿಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲಿದೆ, ಅಂಗಡಿಯಲ್ಲಿಲ್ಲ.

ನಮ್ಮ ಉದಾಹರಣೆಯ ಎಚ್310 ಬೋರ್ಡನ್ನೇ ನೋಡಿ. ರ‍್ಯಾಮ್‌ಗೆ ಎರಡೇ ಸ್ಲಾಟ್. 9400ಎಫ್ ಅಧಿಕೃತವಾಗಿ ಒಪ್ಪುವುದು 2666 ವೇಗ, ಈ ಬೋರ್ಡ್ ಅದನ್ನು ಮೀರಲು ಬಿಡುವುದಿಲ್ಲ. 3600ರ ದುಬಾರಿ ಸ್ಟಿಕ್ ಹಾಕಿದರೂ ಅದು 2666ಕ್ಕೇ ಇಳಿದು ಓಡುತ್ತದೆ. ತೆಳ್ಳನೆಯ ಎಸ್‌ಎಸ್‌ಡಿಯನ್ನು ನೇರ ಬೋರ್ಡಿಗೇ ತೂರಿಸುವ ಎಂ.2 ಸ್ಲಾಟ್ ಕೆಲವು ಎಚ್310 ಬೋರ್ಡ್‌ಗಳಲ್ಲಿ ಇಲ್ಲವೇ ಇಲ್ಲ; ಇರುವವುಗಳಲ್ಲೂ ಈ ಚಿಪ್‌ಸೆಟ್‌ನ ದಾರಿ ಪಿಸಿಐಇ (ಬೋರ್ಡಿನೊಳಗೆ ಮಾಹಿತಿ ಸಾಗುವ ಹಾದಿ) ಎರಡನೆಯ ತಲೆಮಾರಿನದು. ಸೆಕೆಂಡಿಗೆ 7000 ಎಂಬಿ ಓದುವ ನಾಲ್ಕನೆಯ ತಲೆಮಾರಿನ ಎಸ್‌ಎಸ್‌ಡಿಗೆ ಅಲ್ಲಿ 2000 ಎಂಬಿಯ ಗಡಿಯೂ ಸಿಗುವುದು ಕಷ್ಟ. ಇಷ್ಟು ತಿಳಿದರೆ ಎರಡೂ ಕಡೆ ವ್ಯರ್ಥವಾಗಿ ಹೋಗಬಹುದಾದ ಹಣ ಉಳಿಯಿತು.

ಇನ್ನೂ ಹಳೆಯ ಎಚ್61, ಎಚ್81 ಬೋರ್ಡುಗಳವರಿಗೆ ಒಂದು ಮಾತು. ಅವು ಡಿಡಿಆರ್3 ಕಾಲದವು. ಈಗ ಡಿಡಿಆರ್3 ಕೊಂಡರೆ ಅದು ಆ ಯಂತ್ರದೊಂದಿಗೇ ಮುಗಿಯುತ್ತದೆ. ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಹಾಗೆ ಸಾಟಾ ಕೇಬಲಿನಿಂದ ಜೋಡಿಸುವಂಥದ್ದು, ಹಾಗಲ್ಲ, ಕಳಚಿ ಮುಂದಿನ ಕಂಪ್ಯೂಟರಿಗೆ ಹಾಕಬಹುದು. ಎಚ್61ರ ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು, ಎಸ್‌ಎಸ್‌ಡಿಯ ಅರ್ಧ ವೇಗವಷ್ಟೇ ಸಿಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಡಿ. ಕಾಯುವ ಸಮಯ ಮಿಲಿಸೆಕೆಂಡ್‌ನಿಂದ ಮೈಕ್ರೊಸೆಕೆಂಡಿಗೆ ಇಳಿಯುವುದೇ ಇಲ್ಲಿನ ದೊಡ್ಡ ಲಾಭ. ಪೋರ್ಟ್ ಹಳೆಯದಾದರೂ ಅದು ಸಿಗುತ್ತದೆ. ಎಚ್81ರಲ್ಲಿ ನಾಲ್ಕು ಪೋರ್ಟ್‌ಗಳ ಪೈಕಿ ಎರಡು ಮಾತ್ರ 6 ಗಿಗಾಬಿಟ್‌ನವು, ಅವುಗಳಲ್ಲೊಂದಕ್ಕೆ ಚುಚ್ಚಿ.

ಹೆಜ್ಜೆ 3: ರ‍್ಯಾಮ್ ಅಳೆಯುವುದು

ಕಂಪ್ಯೂಟರ್ ಮರುಪ್ರಾರಂಭಿಸಿ. ನೀವು ದಿನಾ ಆಡುವಾಗ ಏನೇನು ತೆರೆದಿಟ್ಟಿರುತ್ತೀರೋ ಅದೆಲ್ಲ ತೆರೆಯಿರಿ: ಬ್ರೌಸರ್, ಡಿಸ್ಕಾರ್ಡ್, ಹಾಡು. ಪರೀಕ್ಷೆಗೆಂದು ಎಲ್ಲ ಮುಚ್ಚಿ ಶುಚಿಯಾಗಿ ಕೂತರೆ ಸುಳ್ಳು ಫಲಿತಾಂಶ ಬರುತ್ತದೆ. ನಿಮಗೆ ಹೆಚ್ಚು ಕಾಟ ಕೊಡುವ ಗೇಮನ್ನು ಅರ್ಧ ಗಂಟೆ ಆಡಿ, ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಬಂದು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟ ನೋಡಿ.

‘ಇನ್ ಯೂಸ್’ ಎಂಬ ಅಂಕಿಯನ್ನು ಎಲ್ಲರೂ ನೋಡುತ್ತಾರೆ. ಹೆಚ್ಚು ಹೇಳುವುದು ಅದರ ಪಕ್ಕದ ‘ಕಮಿಟೆಡ್’. ಅಲ್ಲಿ 13.8/17.5 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ತಂತ್ರಾಂಶಗಳೆಲ್ಲ ಸೇರಿ ಕಾಯ್ದಿರಿಸಿಕೊಂಡ ಮೆಮೊರಿ, ಎರಡನೆಯದು ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿಸಿದ ಮಿತಿ. ನಿಮ್ಮಲ್ಲಿ ಇರುವುದು 8 ಜಿಬಿ, ಕಮಿಟೆಡ್ 13.8 ಎಂದರೆ ಸಂಶಯ ಬಲವಾಯಿತು. ಕಾಯ್ದಿರಿಸಿದ್ದನ್ನೆಲ್ಲ ತಂತ್ರಾಂಶಗಳು ಬಳಸುವುದಿಲ್ಲವಾದ್ದರಿಂದ ಇದೊಂದರಿಂದಲೇ ತೀರ್ಪು ಕೊಡುವಂತಿಲ್ಲ. ‘ಅವೈಲಬಲ್’ ಕೂಡ ಕೆಲವು ನೂರು ಎಂಬಿಗೆ ಇಳಿದಿದೆಯೇ ನೋಡಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ರಿಸೋರ್ಸ್ ಮಾನಿಟರ್ ತೆರೆದು, ಮೆಮೊರಿ ಪುಟದಲ್ಲಿ ‘ಹಾರ್ಡ್ ಫಾಲ್ಟ್ಸ್’ ರೇಖೆ ಗಮನಿಸಿ. ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕಿಗೆ ಹೋಗಬೇಕಾದ ಬಾರಿಗಳ ಎಣಿಕೆ ಅದು. ಗೇಮ್ ಲೋಡ್ ಆಗುವಾಗ ಅದು ಏರುವುದು ಸಹಜ. ಆಟದ ನಡುವೆ, ಸುಮ್ಮನೆ ಓಡಾಡುತ್ತಿರುವಾಗಲೂ ಸೆಕೆಂಡಿಗೆ ನೂರಾರು ಬರುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ.

ಕಾಸು ಖರ್ಚಿಲ್ಲದ ಇನ್ನೊಂದು ಪರೀಕ್ಷೆ: ಬ್ರೌಸರ್ ಮತ್ತು ಉಳಿದದ್ದೆಲ್ಲ ಮುಚ್ಚಿ ಅದೇ ಗೇಮಿನ ಅದೇ ಜಾಗದಲ್ಲಿ ಮತ್ತೆ ಆಡಿ. ತಡವರಿಕೆ ಎದ್ದು ಕಾಣುವಷ್ಟು ತಗ್ಗಿದರೆ ಉತ್ತರ ಸಿಕ್ಕಿತು.

ಗೇಮಿನ ಬೇಡಿಕೆಯ ಪಟ್ಟಿಯನ್ನೂ ನೋಡಿ. ವ್ಯಾಲರಂಟ್ ಕನಿಷ್ಠ 4 ಜಿಬಿ ಕೇಳುತ್ತದೆ, ಕೌಂಟರ್-ಸ್ಟ್ರೈಕ್ 2 ಕೇಳುವುದು 8. ಎಲ್ಡೆನ್ ರಿಂಗ್ 12, ಸ್ಟಾರ್‌ಫೀಲ್ಡ್ 16. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಕನಿಷ್ಠ 16, ಶಿಫಾರಸು 32, ಆದರ್ಶವೆಂದು 64 ಬರೆದಿದೆ. ಅದೊಂದು ಬೇರೆಯೇ ಜಾತಿ. ‘ಕನಿಷ್ಠ’ ಎಂದರೆ ಗೇಮ್ ತೆರೆಯುತ್ತದೆ ಎಂದಷ್ಟೇ ಅರ್ಥ ಮಾಡಿಕೊಂಡರೆ ನಿರಾಶೆ ಕಡಿಮೆ.

ಹೆಜ್ಜೆ 4: ಡಿಸ್ಕ್ ಅಳೆಯುವುದು

ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಮೆನುವಿನಲ್ಲಿ ‘ಕಂಟಿನ್ಯೂ’ ಒತ್ತಿದಾಗಿನಿಂದ ಆಟ ಕೈಗೆ ಬರುವವರೆಗಿನ ಸಮಯ ಬರೆದುಕೊಳ್ಳಿ. ಒಮ್ಮೆ ಲೋಡ್ ಮಾಡಿ, ಮುಚ್ಚಿ, ಕೂಡಲೇ ಮತ್ತೆ ಲೋಡ್ ಮಾಡಿದರೆ ಎರಡನೆಯ ಸಲ ಬೇಗ ಆಗುತ್ತದೆ. ವಿಂಡೋಸ್ ಆಗತಾನೇ ಓದಿದ ಕಡತಗಳನ್ನು ಖಾಲಿ ರ‍್ಯಾಮ್‌ನಲ್ಲಿ ಉಳಿಸಿಕೊಂಡಿರುವುದೇ ಕಾರಣ. ಹಾಗಾಗಿ ಪ್ರತಿ ಅಳತೆಗೂ ಮುಂಚೆ ಕಂಪ್ಯೂಟರ್ ಮರುಪ್ರಾರಂಭಿಸಬೇಕು. ಎರಡನೆಯ ಸಲವೂ ಮೊದಲಿನಷ್ಟೇ ತಡವಾದರೆ ಅದೂ ಒಂದು ಸುಳಿವು: ಉಳಿಸಿಕೊಳ್ಳಲು ರ‍್ಯಾಮ್‌ನಲ್ಲಿ ಜಾಗವೇ ಇರಲಿಲ್ಲ, ಅಥವಾ ಆ ಗೇಮ್ ಡಿಸ್ಕಿಗಿಂತ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುತ್ತಿದೆ.

ಲೋಡ್ ಆಗುವಾಗ ಟಾಸ್ಕ್ ಮ್ಯಾನೇಜರಿನ ಡಿಸ್ಕ್ ಪುಟದಲ್ಲಿ ‘ಆವರೇಜ್ ರೆಸ್ಪಾನ್ಸ್ ಟೈಮ್’ ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ ಅದು ನೂರಾರು ಮಿಲಿಸೆಕೆಂಡ್‌ವರೆಗೆ ಹೋಗುವುದುಂಟು. ಎಸ್‌ಎಸ್‌ಡಿಯಲ್ಲಿ ಒಂದಂಕಿ ದಾಟುವುದು ಅಪರೂಪ. ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದು ಗೇಮ್ ಮಾತ್ರ ಹಾರ್ಡ್ ಡಿಸ್ಕಿನಲ್ಲಿದ್ದರೆ ನೀವು ಅದೃಷ್ಟವಂತರು. ಆ ಒಂದು ಗೇಮನ್ನು ಎಸ್‌ಎಸ್‌ಡಿಗೆ ಸಾಗಿಸಿ ಮತ್ತೆ ಸಮಯ ನೋಡಿ. ಕೊಳ್ಳುವ ಮೊದಲೇ ಫಲಿತಾಂಶ ಕಂಡ ಹಾಗಾಯಿತು.

ಹೊಸ ಗೇಮ್‌ಗಳಲ್ಲಿ ಈ ಚರ್ಚೆಗೆ ಆಸ್ಪದವೇ ಉಳಿದಿಲ್ಲ. ಸ್ಟಾರ್‌ಫೀಲ್ಡ್ 125 ಜಿಬಿ ಜಾಗ ಕೇಳುವುದರ ಜೊತೆಗೆ ಎಸ್‌ಎಸ್‌ಡಿ ಕಡ್ಡಾಯ ಎಂದು ಬರೆದಿದೆ. ಬಾಲ್ಡರ್ಸ್ ಗೇಟ್ 3 ಕೂಡ ಹಾಗೆಯೇ. ಸೈಬರ್‌ಪಂಕ್ 2077 ಹೊರಬಂದಾಗ ಹಾರ್ಡ್ ಡಿಸ್ಕನ್ನು ಸಹಿಸುತ್ತಿತ್ತು; 2023ರ 2.0 ಪರಿಷ್ಕರಣೆಯ ನಂತರ ಕನಿಷ್ಠ ಪಟ್ಟಿಯಲ್ಲೇ ಎಸ್‌ಎಸ್‌ಡಿ ಬಂತು.

ಹೆಜ್ಜೆ 5: ಎರಡರಿಂದಲೂ ವಾಸಿಯಾಗದ್ದು

ಚಿತ್ರ ತಡವರಿಸದೆ, ಆದರೆ ಉದ್ದಕ್ಕೂ ಕಡಿಮೆ ಫ್ರೇಮ್‌ಗಳಲ್ಲಿ ಓಡುತ್ತಿದ್ದರೆ, ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡ್ 95 ಪ್ರತಿಶತಕ್ಕಿಂತ ಮೇಲಿದ್ದರೆ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಎರಡನ್ನೂ ಮರೆತುಬಿಡಿ. ಅದು ಕಾರ್ಡಿನ ಮಿತಿ. ಸೆಟ್ಟಿಂಗ್ ಇಳಿಸಿ ಅಥವಾ ಕಾರ್ಡಿಗೆ ಹಣ ಕೂಡಿಡಿ.

ಜಿಟಿಎಕ್ಸ್ 1650ಯವರು ವಿಶೇಷವಾಗಿ ನೋಡಬೇಕಾದದ್ದು ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದ ‘ಡೆಡಿಕೇಟೆಡ್’ ಮತ್ತು ‘ಶೇರ್ಡ್’ ಮೆಮೊರಿ. ಕಾರ್ಡಿನ ಸ್ವಂತ 4 ಜಿಬಿ ತುಂಬಿದ ಮೇಲೆ ಉಳಿದ ಚಿತ್ರಗಳು ಕಂಪ್ಯೂಟರಿನ ರ‍್ಯಾಮ್‌ಗೆ ಹರಿಯುತ್ತವೆ. ಅಲ್ಲಿಂದ ತರುವುದು ಕಾರ್ಡಿಗೆ ದೂರದ ದಾರಿ, ಆಟ ಎಡವುತ್ತದೆ. 32 ಜಿಬಿ ರ‍್ಯಾಮ್ ಹಾಕಿದರೂ ದಾರಿ ಹತ್ತಿರವಾಗುವುದಿಲ್ಲ. ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಕೂಡಲೇ ಸರಿಹೋಗುತ್ತದೆ, ಅದೂ ಉಚಿತವಾಗಿ.

ಮೂರನೆಯದು ಶೇಡರ್ (ಬೆಳಕು, ಬಣ್ಣ ಹೇಗೆ ಮೂಡಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಪುಟ್ಟ ತಂತ್ರಾಂಶ) ತಯಾರಿಕೆಯ ತಡವರಿಕೆ. ಹೊಸ ಸ್ಫೋಟ, ಹೊಸ ಜಾಗ ಮೊದಲ ಸಲ ಕಂಡಾಗ ಮಾತ್ರ ಎಡವಿ, ಎರಡನೆಯ ಸಲ ಅಲ್ಲೇ ಸರಾಗವಾಗಿ ಓಡಿದರೆ ಅದು ಇದೇ. ಇದು ಪ್ರೊಸೆಸರ್ ಮತ್ತು ಗೇಮ್ ತಯಾರಕರ ನಡುವಿನ ವ್ಯವಹಾರ. ಹಾಗೆಯೇ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕುಸಿಯುವುದಿದ್ದರೆ ಮೊದಲು ಫ್ಯಾನಿನ ಧೂಳು ಒರೆಸಿ.

ಹೆಜ್ಜೆ 6: ತೀರ್ಮಾನ

ಈಗ ಅಂಕಿಗಳು ಕೈಯಲ್ಲಿವೆ. 16 ಜಿಬಿ ರ‍್ಯಾಮ್ ಇದ್ದು ಹಾರ್ಡ್ ಡಿಸ್ಕ್ ಮಾತ್ರ ಇದ್ದರೆ ಎಸ್‌ಎಸ್‌ಡಿ. ಎರಡನೆಯ ಯೋಚನೆ ಬೇಡ. 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ರ‍್ಯಾಮ್ 16ಕ್ಕೆ. 16 ಜಿಬಿ ಮತ್ತು ಸಾಟಾ ಎಸ್‌ಎಸ್‌ಡಿ ಎರಡೂ ಇದ್ದರೆ, ಜಾಗ ಸಾಲದೆ ಹೋದರೆ ಮಾತ್ರ ಇನ್ನೊಂದು ಡಿಸ್ಕ್ ತನ್ನಿ. ವೇಗಕ್ಕಾಗಿ ಸಾಟಾ ತೆಗೆದು ಎನ್‌ವಿಎಂಇ (ಪಿಸಿಐಇ ದಾರಿಯಲ್ಲಿ ಓಡುವ ಎಸ್‌ಎಸ್‌ಡಿ) ಹಾಕಿದರೆ ಬಹುತೇಕ ಗೇಮ್‌ಗಳಲ್ಲಿ ಉಳಿಯುವುದು ಕೆಲವು ಸೆಕೆಂಡ್. ಕಾಗದದ ಮೇಲೆ 550 ಎಂಬಿ ಮತ್ತು 3500 ಎಂಬಿಯ ಅಂತರ ಭರ್ಜರಿಯಾಗಿ ಕಾಣುತ್ತದೆ; ಕುರ್ಚಿಯಲ್ಲಿ ಕೂತವನಿಗೆ ಅಷ್ಟಾಗಿ ಕಾಣುವುದಿಲ್ಲ. ಡಿಸ್ಕಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಮಾಹಿತಿಯನ್ನು ಬೇಗ ಸಾಗಿಸುವ ಡೈರೆಕ್ಟ್‌ಸ್ಟೋರೇಜ್ ತಂತ್ರ ಬಳಸುವ ಗೇಮ್‌ಗಳು ಈ ಅಂತರವನ್ನು ಬಳಸಿಕೊಳ್ಳಲಿವೆ ಎಂಬ ಮಾತಿದೆ. 2023ರ ಜನವರಿಯಲ್ಲಿ ಬಂದ ಫೋರ್‌ಸ್ಪೋಕನ್ ಅದನ್ನು ಕಂಪ್ಯೂಟರಿನಲ್ಲಿ ಬಳಸಿದ ಮೊದಲ ಗೇಮ್; ಆಮೇಲೆ ಬಂದವು ಇನ್ನೂ ಕೆಲವೇ.

ಕಗ್ಗಂಟು ನಮ್ಮ ಉದಾಹರಣೆಯದು: 8 ಜಿಬಿ, ಹಾರ್ಡ್ ಡಿಸ್ಕ್, ಒಂದಕ್ಕೇ ಸಾಲುವ ಹಣ. ನನ್ನ ಮತ ಎಸ್‌ಎಸ್‌ಡಿಗೆ. ಗೇಮ್ ಒಂದೇ ಅಲ್ಲ, ಇಡೀ ಕಂಪ್ಯೂಟರ್ ಬದಲಾಗುತ್ತದೆ. ರ‍್ಯಾಮ್ ಕೊರತೆಯಿಂದ ಪೇಜ್ ಫೈಲ್‌ಗೆ ಹೋಗುವ ಕೆಲಸವೂ ಹಾರ್ಡ್ ಡಿಸ್ಕಿನಲ್ಲಿ ಆಗುವಷ್ಟು ಹಿಂಸೆ ಕೊಡುವುದಿಲ್ಲ. ಮುಂದೆ ಡಿಡಿಆರ್5 ಯಂತ್ರ ಕೊಂಡಾಗ ಡಿಡಿಆರ್4 ಸ್ಟಿಕ್ ಅದರಲ್ಲಿ ಕೂರುವುದೇ ಇಲ್ಲ, ಎಸ್‌ಎಸ್‌ಡಿ ಕೂರುತ್ತದೆ. ಬೆಲೆಯ ಮಾತೂ ಇದೆ. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಮೆಮೊರಿ ಚಿಪ್‌ಗಳು ಹರಿದುಹೋಗುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಿಗಿಯಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಎಸ್‌ಎಸ್‌ಡಿಗೂ ಬಿಸಿ ತಟ್ಟಿದೆ. ಹಾಗಾಗಿ ಹಳೆಯ ವಿಡಿಯೊಗಳಲ್ಲಿ ಕೇಳುವ ‘ರ‍್ಯಾಮ್ ಹೇಗೂ ಅಗ್ಗ, ಮೊದಲು ಅದನ್ನೇ ಹಾಕಿಬಿಡಿ’ ಎಂಬ ಸಲಹೆಯನ್ನು ಇಂದಿನ ಬೆಲೆ ನೋಡದೆ ಪಾಲಿಸಬೇಡಿ.

ಈ ಮತಕ್ಕೆ ಎರಡು ಅಪವಾದಗಳಿವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜೆನ್ 5 5600ಜಿಯಂಥ ಪ್ರೊಸೆಸರ್‌ನ ಅಂತರ್ಗತ ಗ್ರಾಫಿಕ್ಸ್‌ನಲ್ಲೇ ಆಡುವವರು ಮೊದಲು ಎರಡನೆಯ ಸ್ಟಿಕ್ ಹಾಕಬೇಕು. ಅಲ್ಲಿ ಚಿತ್ರ ಬರೆಯುವ ಕೆಲಸಕ್ಕೂ ಇದೇ ರ‍್ಯಾಮ್. 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಸೇರಿ 51.2 ಜಿಬಿ ಸಾಗಿಸುತ್ತವೆ. ಫ್ರೇಮ್‌ಗಳ ಸಂಖ್ಯೆಯೇ ಮೇಲೇರುವ ಅಪರೂಪದ ಪ್ರಸಂಗ ಇದು. ಎರಡನೆಯ ಅಪವಾದ, ನೀವು ಆಡುವ ಗೇಮ್ 12 ಅಥವಾ 16 ಜಿಬಿಯನ್ನು ಕನಿಷ್ಠವೆಂದು ಕೇಳುತ್ತಿದ್ದು, ಮೂರನೆಯ ಹೆಜ್ಜೆಯಲ್ಲಿ ಹಾರ್ಡ್ ಫಾಲ್ಟ್ ರೇಖೆ ಆಟದುದ್ದಕ್ಕೂ ಎದ್ದು ನಿಂತದ್ದು. ಆಗ ಎಸ್‌ಎಸ್‌ಡಿ ಬರೀ ನೋವು ತಗ್ಗಿಸುತ್ತದೆ. 8 ಜಿಬಿಯ ಇನ್ನೊಂದು ಸ್ಟಿಕ್ ತಂದು, ಎಸ್‌ಎಸ್‌ಡಿಗೆ ಮುಂದಿನ ತಿಂಗಳು ನೋಡಿಕೊಳ್ಳಿ.

16ರಿಂದ 32 ಜಿಬಿಗೆ ಹೋಗುವುದು ಫ್ಲೈಟ್ ಸಿಮ್ಯುಲೇಟರ್‌ನವರಿಗೆ, ಹತ್ತಾರು ಮಾಡ್ (ಗೇಮಿಗೆ ಆಟಗಾರರೇ ಮಾಡಿದ ಸೇರ್ಪಡೆ) ಹೇರುವವರಿಗೆ, ಆಡುತ್ತಲೇ ನೇರ ಪ್ರಸಾರ ಮಾಡುವವರಿಗೆ. ಉಳಿದವರಿಗೆ ಕಮಿಟೆಡ್ ಅಂಕಿ ಬಂದು ಹೇಳುವವರೆಗೆ ಬೇಕಿಲ್ಲ.

ಹೆಜ್ಜೆ 7: ರ‍್ಯಾಮ್ ಕೊಳ್ಳುವಾಗ

ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ, ಆದರೆ ಕಚ್ಚಿನ ಜಾಗ ಬೇರೆ; ಒಂದರಲ್ಲಿ ಇನ್ನೊಂದು ಕೂರದು. ಎಎಂ4 ಸಾಕೆಟ್‌ನ ರೈಜೆನ್ ಎಲ್ಲವೂ ಡಿಡಿಆರ್4, ಎಎಂ5 ಎಲ್ಲವೂ ಡಿಡಿಆರ್5. ಇಂಟೆಲ್ 12, 13, 14ನೆಯ ತಲೆಮಾರುಗಳಲ್ಲಿ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ, ತೀರ್ಮಾನಿಸುವುದು ಬೋರ್ಡ್. ಅದರ ಹೆಸರನ್ನು ಪೂರ್ತಿ ಓದಿ.

ಇರುವ ಸ್ಟಿಕ್‌ಗೆ ಜೊತೆ ಹುಡುಕುವಾಗ ಅದರ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗಿ. ಗಾತ್ರ, ವೇಗ, ಸಿಎಲ್ ಸಂಖ್ಯೆ (ಕೇಳಿದ ಮಾಹಿತಿ ಕೊಡಲು ಸ್ಟಿಕ್ ಎಷ್ಟು ಆವರ್ತ ಕಾಯಿಸುತ್ತದೆ ಎಂಬ ಎಣಿಕೆ) ಹೊಂದಿದರೆ ಸಾಮಾನ್ಯವಾಗಿ ತಕರಾರಿಲ್ಲ. ಎರಡರ ವೇಗ ಬೇರೆಯಾದರೆ ಎರಡೂ ನಿಧಾನದ ವೇಗಕ್ಕೆ ಇಳಿಯುತ್ತವೆ. ಸಿಎಲ್ ಸಂಖ್ಯೆಯೊಂದನ್ನೇ ನೋಡಿ ಡಿಡಿಆರ್5 ನಿಧಾನ ಎನ್ನುವವರ ಮಾತು ನಂಬಬೇಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ: 3200ರ ಸಿಎಲ್16, 6000ದ ಸಿಎಲ್30, ಎರಡೂ 10 ನ್ಯಾನೊಸೆಕೆಂಡೇ. ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್‌ಗಳ ಆಸೆ ಬೇಡ. ರೈಜೆನ್ 7000 ಸರಣಿ ಎರಡು ಸ್ಟಿಕ್‌ಗಳಿಗೆ ಅಧಿಕೃತವಾಗಿ 5200 ವೇಗ ಒಪ್ಪಿದರೆ, ನಾಲ್ಕು ತುಂಬಿಸಿದಾಗ 3600ಕ್ಕೆ ಇಳಿಯುತ್ತದೆ.

ಹೆಜ್ಜೆ 8: ಎಸ್‌ಎಸ್‌ಡಿ ಕೊಳ್ಳುವಾಗ

ಮೊದಲು ಗಾತ್ರ, ಆಮೇಲೆ ವೇಗ. 256 ಜಿಬಿಯಲ್ಲಿ ವಿಂಡೋಸ್ ಮತ್ತು ಒಂದು ದೊಡ್ಡ ಗೇಮ್ ಕೂತರೆ ಮುಗಿಯಿತು. ಹಣ ಒದಗಿದರೆ 1 ಟಿಬಿ, ಇಲ್ಲದಿದ್ದರೆ 500 ಜಿಬಿ. 1 ಟಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಮೋಸವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುತ್ತವೆ.

ಎಂ.2 ಎನ್ನುವುದು ಆಕಾರದ ಹೆಸರು. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಅದೇ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ, ಎನ್‌ವಿಎಂಇ ಕೂಡ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ, ಅದನ್ನು ಬಳಸಿದರೆ ಯಾವ ಸಾಟಾ ಪೋರ್ಟ್ ಸತ್ತುಹೋಗುತ್ತದೆ ಎಂಬುದು ಕೈಪಿಡಿಯಲ್ಲಿರುತ್ತದೆ. ಎಂ.2 ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತೆಂದು ಗಾಬರಿಯಾಗುವವರ ಸಮಸ್ಯೆ ಬಹುಪಾಲು ಇದೇ. ಕೇಬಲನ್ನು ಬೇರೆ ಪೋರ್ಟಿಗೆ ಬದಲಿಸಿದರೆ ಸಾಕು.

ಟಿಎಲ್‌ಸಿ, ಕ್ಯುಎಲ್‌ಸಿ ಎಂಬುದು ಒಂದೊಂದು ಕೋಶದಲ್ಲಿ ಮೂರು ಬಿಟ್ ಅಥವಾ ನಾಲ್ಕು ಬಿಟ್ ತುರುಕುವ ಲೆಕ್ಕ. ನಾಲ್ಕು ಬಿಟ್‌ನದು ಅಗ್ಗ. ಡಿಸ್ಕ್ ತುಂಬುತ್ತ ಬಂದಾಗ, ಒಂದೇ ಸಲ 100 ಜಿಬಿ ಬರೆದಾಗ ಅದರ ಉಸಿರು ಕಟ್ಟುತ್ತದೆ. ವಿಂಡೋಸ್ ಹಾಕುವ ಡಿಸ್ಕಿಗೆ ಟಿಎಲ್‌ಸಿ ಇರಲಿ, ಬರೀ ಗೇಮ್ ಇಡಲು ಕ್ಯುಎಲ್‌ಸಿ ನಡೆಯುತ್ತದೆ. ಬರೆಯುವ ಆಯಸ್ಸಿನ ಚಿಂತೆ ಗೇಮ್ ಆಡುವವರಿಗೆ ಬೇಡ. ಸ್ಯಾಮ್‌ಸಂಗ್ 970 ಇವೊ ಪ್ಲಸ್‌ನ 1 ಟಿಬಿ ಮಾದರಿಗೆ ಕೊಟ್ಟ ಖಾತರಿ 600 ಟಿಬಿ ಬರವಣಿಗೆ. ದಿನಕ್ಕೆ 50 ಜಿಬಿ ಬರೆದರೂ ಮೂವತ್ತು ವರ್ಷ ದಾಟುತ್ತದೆ.

ಕೇಳರಿಯದ ಹೆಸರಿನ, ನಂಬಲಾರದಷ್ಟು ಅಗ್ಗದ 2 ಟಿಬಿಯ ಎಸ್‌ಎಸ್‌ಡಿಗಳಿಂದ ದೂರವಿರಿ. ಒಳಗೆ 64 ಜಿಬಿ ಇಟ್ಟು 2 ಟಿಬಿ ಎಂದು ತೋರಿಸುವ ಕೈಚಳಕ ಹಳೆಯದು. ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ. ಅದು ಡಿಸ್ಕನ್ನು ತುಂಬ ಬರೆದು ಮತ್ತೆ ಓದಿ ನೋಡುತ್ತದೆ. ಹೊಸದೆಂದು ಕೊಟ್ಟದ್ದು ಹೊಸದೇ ಎಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ‘ಪವರ್ ಆನ್ ಅವರ್ಸ್’ ನೋಡಿ. ಅಲ್ಲಿ ಸಾವಿರಾರು ಗಂಟೆ ಕಂಡರೆ ಬಿಲ್ ಹಿಡಿದು ಅಂಗಡಿಗೆ ಹಿಂದಿರುಗಿ.

ಹೆಜ್ಜೆ 9: ಕೂರಿಸುವುದು

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿಯುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಕೈಯ ಸ್ಥಾಯಿ ವಿದ್ಯುತ್ ಕಳೆಯಿರಿ.

ರ‍್ಯಾಮ್ ಸ್ಲಾಟಿನ ಕ್ಲಿಪ್ ಕೆಲವು ಬೋರ್ಡ್‌ಗಳಲ್ಲಿ ಎರಡೂ ತುದಿಗೆ, ಕೆಲವದರಲ್ಲಿ ಒಂದೇ ತುದಿಗೆ ತೆರೆಯುತ್ತದೆ. ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ಎರಡು ಹೆಬ್ಬೆರಳಿನಿಂದ ಎರಡೂ ತುದಿಯನ್ನು ಸಮವಾಗಿ ಒತ್ತಿ. ಕ್ಲಿಪ್ ತಾನಾಗಿ ಟಕ್ ಎಂದು ಮುಚ್ಚಬೇಕು. ಕೈಯಿಂದ ಮುಚ್ಚಬೇಕಾಗಿ ಬಂದರೆ ಸ್ಟಿಕ್ ಕೂತಿಲ್ಲ. ನಾಲ್ಕು ಸ್ಲಾಟ್‌ಗಳಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು, ಬೋರ್ಡಿನ ಮೇಲೆ ಎ2, ಬಿ2 ಎಂದು ಬರೆದವು. ಅಂಥ ಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಸ್ಲಾಟ್ ತುಂಬಿಸಿದರೆ ಎರಡೂ ಸ್ಟಿಕ್ ಒಟ್ಟಿಗೆ ಸಾಗಿಸುವ ಜೋಡಿ ಓಟದ ಲಾಭ ತಪ್ಪುತ್ತದೆ. ಹಳೆಯ ಸ್ಟಿಕ್ ಹೊರತೆಗೆದದ್ದಾದರೆ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ ಹಾಕಿ. ನಮ್ಮ ರಿಪೇರಿ ಅಂಗಡಿಗಳ ಈ ಹಳೆಯ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಡಿಡಿಆರ್5 ಹಾಕಿದವರು ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇದ್ದರೆ ಸ್ವಿಚ್ ಆರಿಸಬೇಡಿ; ಬೋರ್ಡ್ ಹೊಸ ಸ್ಟಿಕ್‌ಗಳಿಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ.

ಎಂ.2 ಡಿಸ್ಕನ್ನು ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ತೂರಿಸಿ, ಕೆಳಗೆ ಬಾಗಿಸಿ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಅಕ್ಕಿಕಾಳಿಗಿಂತ ಸಣ್ಣದು, ಬೋರ್ಡಿನ ಪೆಟ್ಟಿಗೆಯಲ್ಲೇ ಪುಟ್ಟ ಚೀಲದಲ್ಲಿರುತ್ತದೆ. ಪೆಟ್ಟಿಗೆ ಎಸೆದಿದ್ದರೆ ಡಿಸ್ಕಿನ ಜೊತೆ ಅದನ್ನೂ ಕೇಳಿ ತನ್ನಿ. ಮೇಲೆ ಲೋಹದ ಹೊದಿಕೆ ಇದ್ದರೆ ಒಳಮೈಯ ಪ್ಲಾಸ್ಟಿಕ್ ಪೊರೆ ಸುಲಿಯುವುದನ್ನು ಮರೆಯಬೇಡಿ. 2.5 ಇಂಚಿನ ಸಾಟಾ ಡಿಸ್ಕಿನ ಪೆಟ್ಟಿಗೆಯಲ್ಲಿ ಕೇಬಲ್ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನೂ ಕೊಂಡುಬಿಡಿ.

ಹೆಜ್ಜೆ 10: ಹಾಕಿದ ಮೇಲೆ

ರ‍್ಯಾಮ್ ಹಾಕಿದವರು ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ಸ್ಟಿಕ್ಕನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆಯ್ಕೆಯನ್ನು ಆನ್ ಮಾಡಬೇಕು. ಇಲ್ಲದಿದ್ದರೆ 3200 ಎಂದು ಕೊಂಡದ್ದು 2133 ಅಥವಾ 2400ರಲ್ಲೇ ಓಡುತ್ತಿರಬಹುದು, ವರ್ಷಗಟ್ಟಲೆ ನಿಮಗೆ ಗೊತ್ತೇ ಆಗದೆ. ಆಮೇಲೆ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ನಿಂದ ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ಕಂಡರೂ ಹಿಂದಿರುಗಿಸುವ ಅವಧಿಯೊಳಗೆ ಬದಲಿಸಿಕೊಳ್ಳಿ.

ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕುವುದೇ ಮೇಲು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೇಗೂ 11ಕ್ಕೆ ಹೋಗುವ ಸಮಯ. ಇಂಟೆಲ್‌ನ 8ನೆಯ ತಲೆಮಾರಿನಿಂದ ಈಚಿನವು ಅದಕ್ಕೆ ಅರ್ಹ. ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಾದರೂ ಮತ್ತೆ ಕೊಳ್ಳಬೇಕಿಲ್ಲ. ಹಾಕುವಾಗ ಹಾರ್ಡ್ ಡಿಸ್ಕಿನ ಕೇಬಲ್ ಕಳಚಿಡಿ. ಹಾಗೆ ಮಾಡದಿದ್ದರೆ ಆರಂಭದ ಕಡತಗಳು ಹಳೆಯ ಡಿಸ್ಕಿನಲ್ಲಿ ಹೋಗಿ ಕೂರಬಹುದು. ಮುಂದೊಂದು ದಿನ ಅದು ಕೆಟ್ಟಾಗ ಹೊಸ ಎಸ್‌ಎಸ್‌ಡಿಯಿಂದಲೂ ಕಂಪ್ಯೂಟರ್ ಏಳುವುದಿಲ್ಲ.

ಕೇಬಲ್ ಮತ್ತೆ ಚುಚ್ಚಿದ ಮೇಲೆ ಗೇಮ್‌ಗಳನ್ನು ಮತ್ತೆ ಇಳಿಸಿಕೊಳ್ಳಬೇಡಿ. ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿಯ ಬ್ರಾಡ್‌ಬ್ಯಾಂಡ್‌ನಲ್ಲಿ 125 ಜಿಬಿ ಎಂದರೆ ಹುಡುಗಾಟವಲ್ಲ. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು ಹಳೆಯ ಡಿಸ್ಕಿನ ಲೈಬ್ರರಿಯನ್ನು ಸೇರಿಸಿದರೆ ಅಲ್ಲಿರುವುದನ್ನೆಲ್ಲ ಅದು ಗುರುತಿಸುತ್ತದೆ. ಈಗ ಆಡುತ್ತಿರುವ ಎರಡು ಮೂರನ್ನು ಆರಿಸಿ ‘ಮೂವ್’ ಒತ್ತಿ ಎಸ್‌ಎಸ್‌ಡಿಗೆ ತನ್ನಿ. ಎಸ್‌ಎಸ್‌ಡಿಯನ್ನು ಪೂರ್ತಿ ತುಂಬಿಸದೆ ಹತ್ತನೆಯ ಒಂದು ಪಾಲು ಖಾಲಿ ಬಿಡಿ. ಪೇಜ್ ಫೈಲ್ ಎಸ್‌ಎಸ್‌ಡಿಯಲ್ಲೇ ಇರಲಿ. ಅದನ್ನು ಆರಿಸಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಪಾಲಿಸಿದವರ ಗೇಮ್ ನಡುವೆಯೇ ಮುಚ್ಚಿಹೋಗಬಹುದು.

ಮೂರು ಮತ್ತು ನಾಲ್ಕನೆಯ ಹೆಜ್ಜೆಯ ಅಳತೆಗಳನ್ನು ಈಗ ಮತ್ತೊಮ್ಮೆ ಮಾಡಿ, ಮೊದಲು ಬರೆದಿಟ್ಟ ಅಂಕಿಗಳ ಪಕ್ಕ ಬರೆಯಿರಿ. ಹಳೆಯ ಹಾರ್ಡ್ ಡಿಸ್ಕನ್ನು ಮಾರಲು ಹೋಗಬೇಡಿ, ಕೈಗೆ ಬರುವ ದುಡ್ಡು ಅಷ್ಟಕ್ಕಷ್ಟೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅದಕ್ಕೆ ‘ಗುಡ್’ ಎಂದರೆ ಹಳೆಯ ಗೇಮ್‌ಗಳು, ಆಟದ ರೆಕಾರ್ಡಿಂಗ್‌ಗಳು, ಮನೆಯ ಫೋಟೊಗಳ ಎರಡನೆಯ ಪ್ರತಿ ಅದರಲ್ಲಿರಲಿ. ‘ಕಾಷನ್’ ಎಂದರೆ ಅದರಲ್ಲಿರುವುದನ್ನು ಇವತ್ತೇ ನಕಲು ಮಾಡಿಕೊಂಡು, ಆ ಡಿಸ್ಕಿಗೆ ಬೇರೆ ಕೆಲಸ ಹಚ್ಚಬೇಡಿ.